ಟ್ಯಾಂಗೋ ಹಾಡಿನಲ್ಲಿ ಅವಳು ಬಿಟ್ಟುಹೋದ ಸಾಮಾನು

ಜೂನ್ 24, 2024, ಸೋಮವಾರ

ಇವತ್ತು ಅರ್ಜೆಂಟೀನಾದ ಟ್ಯಾಂಗೋ ಗಾಯಕ ಕಾರ್ಲೋಸ್ ಗಾರ್ದೆಲ್ ತೀರಿಕೊಂಡ ದಿನ. 1935ರಲ್ಲಿ ಕೊಲಂಬಿಯಾದ ಮೆಡೆಯೀನ್ ವಿಮಾನ ನಿಲ್ದಾಣದಲ್ಲಿ ಎರಡು ವಿಮಾನ ಡಿಕ್ಕಿಯಾದಾಗ ಅವನಿಗೆ ಹಾಡು ಬರೆಯುತ್ತಿದ್ದ ಕವಿ ಆಲ್ಫ್ರೆದೊ ಲೆ ಪೆರಾ ಕೂಡ ಜೊತೆಗೇ ಹೋದ.

ಟ್ಯಾಂಗೋದ ವಿರಹ ಅರ್ಥವಾಗಬೇಕೆಂದರೆ ಗಾರ್ದೆಲ್ 1917ರಲ್ಲಿ ಧ್ವನಿಮುದ್ರಿಸಿದ 'ಮಿ ನೋಚೆ ತ್ರಿಸ್ತೆ'ಯಿಂದ (ನನ್ನ ದುಃಖದ ರಾತ್ರಿ) ಶುರುಮಾಡಬೇಕು. ಸಾಮುಯೆಲ್ ಕಾಸ್ತ್ರಿಯೋತಾನ ಮಟ್ಟು ಮೊದಲೇ ಇತ್ತು, ಪಾಸ್ಕುವಾಲ್ ಕೊಂತುರ್ಸಿ ಅದಕ್ಕೆ ಮಾತು ಕೂರಿಸಿದ. ಅದಕ್ಕೂ ಮುಂಚಿನ ಟ್ಯಾಂಗೋ ಪದಗಳಲ್ಲಿ ಹೆಚ್ಚಾಗಿ ಜಂಬ, ತುಂಟತನ. ಬಿಟ್ಟುಹೋದವಳಿಗಾಗಿ ಗಂಡಸು ಕೂತು ಕೊರಗುವ ಹಾಡು ನೆಲೆ ಕಂಡದ್ದು ಇದರಿಂದ.

ಕೊಂತುರ್ಸಿಯ ಕಣ್ಣೆಲ್ಲ ಕೋಣೆಯ ಮೇಲೆ. ಅವಳು ಬಂದಾಳೆಂದು ಹಾಡಿನ ನಾಯಕ ರಾತ್ರಿ ಬಾಗಿಲು ಹಾಕದೆ ಮಲಗುತ್ತಾನೆ. ಅವಳಿದ್ದಾಗಿನಂತೆ ಈಗಲೂ 'ಮಾತೆ' ಎಂಬ ಎಲೆಗಳ ಕಷಾಯ ಕುಡಿಯುವಾಗ ಬೇಕೆಂದು ಬಿಸ್ಕತ್ತು ತರುತ್ತಾನೆ. ಒಂದೇ ಬಣ್ಣದ ರಿಬ್ಬನ್ ಕಟ್ಟಿದ ಪುಟ್ಟ ಸೀಸೆಗಳು ಈಗಿಲ್ಲ. ಅತ್ತಂತೆ ಕನ್ನಡಿ ಮಸುಕಾಗಿದೆ. ಗಿಟಾರು ಬೀರುವಿನೊಳಗೆ ತೂಗುತ್ತಿದೆ, ದೀಪಕ್ಕೂ ಬೆಳಗುವ ಮನಸ್ಸಿಲ್ಲ. ಬಿಸ್ಕತ್ತಿನ ಸಾಲೇ ನನಗೆ ಎಲ್ಲಕ್ಕಿಂತ ದೊಡ್ಡದು. ಬುದ್ಧಿಗೆ ಗೊತ್ತಾದದ್ದು ಕೈಗೆ ಇನ್ನೂ ಗೊತ್ತಾಗಿಲ್ಲ.

ಲೆ ಪೆರಾನದು ಬೇರೆ ದಾರಿ. ಅವನ ಸಿನಿಮಾ ಹಾಡುಗಳು ಸ್ಪ್ಯಾನಿಷ್ ಮಾತಾಡುವ ಎಲ್ಲ ದೇಶಗಳಿಗೂ ತಲುಪಬೇಕಿತ್ತು. ಹಾಗಾಗಿ ಬ್ಯೂನಸ್ ಐರಿಸ್‌ನ ಬೀದಿನುಡಿ ಲುನ್‌ಫಾರ್ದೊವನ್ನು ಅವನು ಕೈಬಿಟ್ಟ. ಅವನ 'ವೊಲ್ವೇರ್'ನಲ್ಲಿ (ಮರಳುವುದು) ಕೋಣೆಯ ಸಾಮಾನಿಲ್ಲ. ದೂರದ ದೀಪಗಳು, ನರೆತ ಕೆನ್ನೆಗೂದಲು, ಏನೂ ಅಲ್ಲವೆನಿಸುವ ಇಪ್ಪತ್ತು ವರ್ಷ. ಅದರ ಚರಣ ದುಗುಡ ಧ್ವನಿಸುವ ಮೈನರ್ ಸ್ವರಶ್ರೇಣಿಯಲ್ಲಿದೆ, ಪಲ್ಲವಿ ಹಗುರಾದ ಮೇಜರ್‌ಗೆ ತಿರುಗುತ್ತದೆ. ಆ ತಿರುವಿನಲ್ಲಿ ಆಸೆ ಅರೆಗಳಿಗೆ ತಲೆಯೆತ್ತುತ್ತದೆ. ಅಲ್ಲಿಯೂ ಅಳುದನಿ ಎಳೆಯುವ ಗಾಯಕರು ಹಾಡನ್ನು ಕೆಡಿಸುತ್ತಾರೆ.

ಓಮೆರೊ ಮಾಂಸಿ ಬರೆದು ಅನೀಬಲ್ ತ್ರೊಯ್ಲೊ ರಾಗ ಹಾಕಿದ 'ಸುರ್' (ದಕ್ಷಿಣ, 1948) ಕೋಣೆಯಿಂದ ಹೊರಬಂದು ಬ್ಯೂನಸ್ ಐರಿಸ್‌ನ ಇಡೀ ಬಡಾವಣೆಯನ್ನು ನೆನೆಯುತ್ತದೆ. ಸಾನ್ ಹುವಾನ್–ಬೊಯೆದೊ ರಸ್ತೆಗಳ ಮೂಲೆ, ಪೊಂಪೆಯ ಬಡಾವಣೆ, ಅದರಾಚೆ ನೆರೆನೀರು, ಕಮ್ಮಾರನ ಮೂಲೆ, ಕೆಸರು, ಚರಂಡಿ, ಕುದುರೆಮಸಾಲೆ ಹುಲ್ಲಿನ ವಾಸನೆ. ಇವುಗಳ ನಡುವೆ ಅವಳು: ಬರೀ ಕೂದಲು, ಒಂದು ಹೆಸರು. ನನ್ನ ಮಟ್ಟಿಗೆ ಟ್ಯಾಂಗೋದಲ್ಲಿ ಇದಕ್ಕಿಂತ ಕಠಿಣವಾದ ಅಗಲಿಕೆ ಇಲ್ಲ, ಏಕೆಂದರೆ ಅವಳು ಮರಳಿ ಬಂದರೂ ಬರಲು ಆ ಜಾಗವೇ ಉಳಿದಿಲ್ಲ.

ಕೇಳುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. 1940ರ ದಶಕದ ನೃತ್ಯ ಆರ್ಕೆಸ್ಟ್ರಾಗಳಿಗೆ 78 ಆರ್‌ಪಿಎಂ ಗ್ರಾಮೊಫೋನ್ ತಟ್ಟೆಯ ಒಂದು ಬದಿಯಲ್ಲಿ ಸಿಗುತ್ತಿದ್ದದ್ದು ಸುಮಾರು ಮೂರು ನಿಮಿಷ. ಸಾಮಾನ್ಯವಾಗಿ ವಾದ್ಯಗಳು ಮೊದಲು ತಾವೇ ನುಡಿಸುತ್ತವೆ. ಗಾಯಕ ನಡುವೆ ಬಂದು ಒಂದು ಚರಣ, ಪಲ್ಲವಿ, ಕೊನೆಗೆ ಪಲ್ಲವಿಯ ಬಾಲ ಹಾಡಿ ಮುಗಿಸುತ್ತಾನೆ. ಎರಡನೇ ಚರಣಕ್ಕೆ ಕತ್ತರಿ. ಕುಣಿಯುವವರಿಗೆ ಅದು ಸಾಕು, ಸಾಹಿತ್ಯಕ್ಕೆ ಸಾಲದು. 'ಸುರ್' ಅನ್ನು ಹಾಗೆ ಕತ್ತರಿಸಿದರೆ ರೈಲು ಏರಿಯ ಬಳಿ ಕದ್ದ ಮುತ್ತು ಹೋಗುತ್ತದೆ, ಬದಲಾದ ಬಡಾವಣೆಗಳ ಭಾರವೂ ಹೋಗುತ್ತದೆ. ಎರಡು ಚರಣಗಳೂ ಅದೇ ರಸ್ತೆ ಮೂಲೆಯ ಹೆಸರಿನಿಂದಲೇ ಶುರುವಾಗುತ್ತವೆ. ಮೊದಲ ಸಲ ಅದರ ಪಕ್ಕದಲ್ಲಿ ಇಡೀ ಆಕಾಶವಿದೆ. ಎರಡನೇ ಸಲ ಅದು ಕಳೆದುಹೋದ ಆಕಾಶ. ಈ ಒಂದು ವ್ಯತ್ಯಾಸಕ್ಕಾಗಿಯಾದರೂ ಪೂರ್ತಿ ಹಾಡಿರುವ ಧ್ವನಿಮುದ್ರಣ ಹುಡುಕಿ ಕೇಳಬೇಕು.