ಸೈಟ್ ಅಲ್ಲಾಡದ ಎರಡು ದಿನ

13 ಜುಲೈ 2025, ಭಾನುವಾರ
ಶಿವಮೊಗ್ಗ

ಪುನರ್ವಸು ಮಳೆ ನಿನ್ನೆಯಿಂದ ಬಿಟ್ಟಿಲ್ಲ. ಒಣಗದ ಬಟ್ಟೆ ನಡುಮನೆ ತುಂಬ ನೇತಾಡುತ್ತಿದೆ. ಅದರ ಕೆಳಗೆ, ಊಟದ ಟೇಬಲ್ ಮೇಲೆ ಹಳೇ ಟವೆಲ್ ಹಾಸಿ, ನಾನೂ ಮಗಳೂ ಅವಳ ಏರ್ ಪಿಸ್ತೂಲ್ ಇಟ್ಟುಕೊಂಡು ಕೂತಿದ್ದೆವು.

"ಸೈಟ್ ಒಂಚೂರೂ ಅಲ್ಲಾಡ್ತಿಲ್ಲಮ್ಮ" ಅಂದಳು.

ಅಡುಗೆಮನೆಯಿಂದ ಅತ್ತೆ, "ಅಲ್ಲಾಡೋಕೆ ಅದೇನು ಹಲ್ಲಾ? ಕಲ್ಲು ನೆಟ್ಟು ಬೇಲಿ ಹಾಕಿದ ಮೇಲೆ ಸೈಟ್ ಎಲ್ಲಿಗೆ ಹೋಗುತ್ತೆ?" ಅಂದರು. ಖಾತಾ ಆಯ್ತಾ ಅಂತಲೂ ಕೇಳಿದರು. ನಾವು ಹೇಳ್ತಿದ್ದ ಸೈಟ್ ಅಂದರೆ ಗುರಿ ನೋಡಲು ಪಿಸ್ತೂಲಿನ ಮೇಲಿರುವ ಭಾಗ. ನಾವಿಬ್ಬರೂ ನಕ್ಕಿದ್ದು ಅವರಿಗೆ ಇನ್ನೂ ಅರ್ಥವಾಗಿಲ್ಲ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗ ನಮ್ಮ ಮನೆಗೆ ಹತ್ತಿದ ಹುಚ್ಚು ಇದು. ಒಂದು ವರ್ಷ ಶೂಟಿಂಗ್ ರೇಂಜ್‌ನವರ ಪಿಸ್ತೂಲಿನಲ್ಲೇ ಕಲಿತಳು. ಹೋದ ತಿಂಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಜರ್ಮನ್ ಪಿಸ್ತೂಲ್ ಕೊಂಡೆವು. ನಳಿಗೆಯ ಒಳ ಅಗಲ 4.5 ಮಿ.ಮೀ., ಶಕ್ತಿ 20 ಜೂಲ್‌ಗಿಂತ ಎಷ್ಟೋ ಕಡಿಮೆ, ಹಾಗಾಗಿ ಲೈಸೆನ್ಸ್ ಬೇಕಿಲ್ಲ. ಪಕ್ಕದ ಮನೆಯವರಿಗೆ ಇದನ್ನು ಮೂರು ಸಲ ಹೇಳಿದ್ದೇನೆ.

ತೊಂದರೆ ಏನಪ್ಪಾ ಅಂದರೆ, ಗುಂಡುಗಳೆಲ್ಲ ಬಲಕ್ಕೆ ಹೋಗುತ್ತಿದ್ದವು. ಚೆಲ್ಲಾಪಿಲ್ಲಿಯಾಗಿ ಅಲ್ಲ. ಐದು ಹೊಡೆದರೆ ಐದೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲೇ, ಆದರೆ ನಡುವಿನಿಂದ ಎರಡು ಸೆಂಟಿಮೀಟರ್ ಬಲಕ್ಕೆ. ಹತ್ತು ಅಂಕ ಸಿಗುವ ನಡುವಿನ ವೃತ್ತದ ಅಗಲ ಬರೀ 11.5 ಮಿ.ಮೀ. ಅಲ್ವಾ? ಎರಡು ಸೆಂಟಿಮೀಟರ್ ಸರಿದರೆ ಎಂಟಕ್ಕೆ ಬಿತ್ತು ಅಂತಲೇ ಲೆಕ್ಕ. ಕೋಚ್ ಇನ್ನೊಬ್ಬ ಹುಡುಗನ ಕೈಲೂ ಹೊಡೆಸಿ ನೋಡಿದರು. ಅವನದ್ದೂ ಅಲ್ಲೇ. "ಗುಂಪು ಹರಡಿದ್ರೆ ಕೈಯದ್ದು ತಪ್ಪು, ಗುಂಪೇ ಜಾಗ ಬಿಟ್ಟಿದ್ರೆ ಸೈಟ್‌ದು" ಅಂದರು. ಮಗಳ ಮುಖ ನೋಡಬೇಕಿತ್ತು. ಮೂರು ವಾರದಿಂದ ತನ್ನ ಕೈಯನ್ನೇ ಬೈದುಕೊಂಡಿದ್ದಳು ಪಾಪ.

ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಸುಮಾರು 32 ಸೆಂಟಿಮೀಟರ್ ದೂರ. ಗುರಿ ಇರುವುದು ಹತ್ತು ಮೀಟರ್ ಆಚೆ. ಅಲ್ಲಿ ಎರಡು ಸೆಂಟಿಮೀಟರ್ ಸರಿಯಬೇಕಾದರೆ ಇಲ್ಲಿ ಹಿಂದಿನ ಸೈಟ್ ಅರ್ಧ ಮಿಲಿಮೀಟರಿಗಿಂತ ಒಂಚೂರು ಜಾಸ್ತಿ ಸರಿದರೆ ಸಾಕು. ಸಾಸಿವೆ ಕಾಳಿನಷ್ಟೂ ಇಲ್ಲ. ಅಷ್ಟಕ್ಕೆ ಎರಡು ದಿನ ಹಿಡಿಯಿತು.

ಸೈಟನ್ನು ಮೇಲೆ ಕೆಳಗೆ ಮಾಡುವ ಸ್ಕ್ರೂ ಸಲೀಸಾಗಿ ತಿರುಗುತ್ತಿತ್ತು. ಎಡಕ್ಕೆ ಬಲಕ್ಕೆ ಸರಿಸುವುದು ಮಾತ್ರ ಜಪ್ಪಯ್ಯ ಅಂದರೂ ಇಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಸ್ಕ್ರೂ ಸುತ್ತ ಕಂದು ಬಣ್ಣದ ಅಂಟು, ಹಲಸಿನ ಮೇಣದ ಥರ. ಯಾವ ಕಾಲದಲ್ಲೋ ಯಾರೋ ಎಣ್ಣೆ ಬಿಟ್ಟು ಹಾಗೇ ಒಣಗಿದೆ. ಮೇಲಿನ ಸೀಳಿನ ಅಂಚೂ ಕಿತ್ತುಹೋಗಿದೆ. ನಮಗಿಂತ ಮುಂಚೆಯೇ ಯಾರೋ ಸಿಕ್ಕ ಸ್ಕ್ರೂಡ್ರೈವರ್ ತುರುಕಿ ಜಗಳವಾಡಿದ್ದಾರೆ.

ಮೊದಲು ಮಗಳು ಗಾಳಿಯ ಸಿಲಿಂಡರ್ ಬಿಚ್ಚಿ ಬೇರೆ ಇಟ್ಟಳು. ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಹಾಕುವ ಜಾಗ ತೆರೆದು ತಾನೂ ನೋಡಿ ನನಗೂ ತೋರಿಸಿದಳು. ಖಾಲಿ ಇದೆ ಅಂತ ಎಲ್ಲರಿಗೂ ಕಾಣಲಿ ಅಂತ ನಳಿಗೆಯೊಳಗೆ ಕಿತ್ತಳೆ ದಾರ ತೂರಿಸಿದಳು. ಇದಾಗದೆ ಪಿಸ್ತೂಲಿಗೆ ಯಾರೂ ಕೈ ಹಾಕುವಂತಿಲ್ಲ. ಅವಳದೇ ಕಾನೂನು.

ಕನ್ನಡಕದ ಪುಟ್ಟ ಸ್ಕ್ರೂಡ್ರೈವರ್ ಹಾಕಿದೆ. ತೆಳ್ಳಗಿತ್ತು, ಜಾರಿತು. ಇನ್ನೊಂದು ಸಲ ಜಾರಿದ್ದರೆ ಸೀಳೇ ಉಳಿಯುತ್ತಿರಲಿಲ್ಲ. ನಮ್ಮನೆಯವರು ಇಕ್ಕಳ ಹಿಡಿದುಕೊಂಡು ಬಂದರು. ವಾಪಸ್ ಕಳಿಸಿದೆ. ತುಕ್ಕು ಬಿಡಿಸುವ ಸ್ಪ್ರೇ ಹಿಡಿದುಕೊಂಡು ಬಂದರು. ಅದಕ್ಕೆ ಕೋಚ್‌ಗೆ ಫೋನ್ ಮಾಡಿದೆ. "ಸ್ಪ್ರೇ ಬೇಡವೇ ಬೇಡ ಮೇಡಂ" ಅಂದರು. ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ಇರುತ್ತದೆ. ಗಾಳಿ ಓಡಾಡುವ ಜಾಗಕ್ಕೆ ಮಾಮೂಲಿ ಎಣ್ಣೆ ಹೋದರೆ ಆ ಒತ್ತಡಕ್ಕೆ ಬೆಂಕಿ ಹೊತ್ತಿಕೊಳ್ಳಬಹುದಂತೆ. ಸ್ಪ್ರೇ ಹೊಡೆದರೆ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಸ್ಕ್ರೂ ಬುಡಕ್ಕೆ ಒಂದೇ ಹನಿ ಮುಟ್ಟಿಸಿ, ಹೆಚ್ಚಾದದ್ದು ಒರೆಸಿ, ರಾತ್ರಿಯಿಡೀ ಬಿಡಿ ಅಂದರು.

ಗೋಣಿ ಹೊಲಿಯುವ ದಬ್ಬಣದ ತುದಿಯಲ್ಲಿ ಹನಿ ಮುಟ್ಟಿಸಿದೆ. ಸೈಟ್ ಕೆಳಮುಖವಾಗಿ ಇರುವಂತೆ ಪಿಸ್ತೂಲನ್ನು ಟವೆಲ್ ಮೇಲೆ ಒರಗಿಸಿ, ಬೀರುವಿನಲ್ಲಿ ಬೀಗ ಹಾಕಿ ಮಲಗಿದೆವು.

ಇವತ್ತು ಬೆಳಿಗ್ಗೆ ಕಾಫಿ ಕುಡಿಯುವಾಗ ಹೊಳೆಯಿತು, ನನ್ನ ಹೊಲಿಗೆ ಮಷೀನಿನ ಸ್ಕ್ರೂಡ್ರೈವರ್! ಗಿಡ್ಡ ಹಿಡಿ, ಅಗಲ ತುದಿ. ಸೀಳಿನ ಅಗಲಕ್ಕೆ ಸರಿಯಾಗಿ ಕೂರುತ್ತಿತ್ತು, ದಪ್ಪ ಮಾತ್ರ ಕೂದಲೆಳೆಯಷ್ಟು ಜಾಸ್ತಿ. ಸಾಣೆ ಕಲ್ಲಿಗೆ ನೀರು ಹಾಕಿ ಕಾಲು ಗಂಟೆ ಉಜ್ಜಿದೆ. ಸೀಳಿನ ತಳ ಮುಟ್ಟಿ ಕೂತಿತು, ಅಲುಗಾಟವೇ ಇಲ್ಲ. ಹೇರ್ ಡ್ರೈಯರ್‌ನಿಂದ ಎರಡು ನಿಮಿಷ ಬಿಸಿ ಗಾಳಿ. ಆಮೇಲೆ ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಸುಮ್ನೆ ಒಂದು ಒತ್ತು ಕೊಟ್ಟೆ. ಉಪ್ಪಿನಕಾಯಿ ಭರಣಿ ಮುಚ್ಚಳ ಕಲಿಸಿದ ಪಾಠ ಇದು. ವಾಪಸ್ ತಿರುಗಿಸಿದೆ.

ಟಿಕ್.

ಮಗಳು ಕೂಗಿದ ಕೂಗಿಗೆ ಅತ್ತೆ ಓಡಿ ಬಂದರು.

ಹೊಡೆದು ನೋಡಲು ನಮ್ಮ ಹಳೇ ಮನೆಯೇ ಅನುಕೂಲ. ಜಗಲಿಯಿಂದ ಹಿತ್ತಿಲ ಗೋಡೆಯವರೆಗೆ ನೇರಕ್ಕೆ ಹನ್ನೊಂದು ಮೀಟರ್. ಹಿತ್ತಿಲ ಬಾಗಿಲಿಗೆ ಚಿಲಕ, ಅದರ ಪಕ್ಕದ ಇಟ್ಟಿಗೆ ಗೋಡೆಗೆ ಕಬ್ಬಿಣದ ಪೆಟ್ಟಿಗೆ, ಅದರೊಳಗೆ ಗುರಿಯ ಕಾಗದ. ಬಟ್ಟೆ ಎಲ್ಲ ತೆಗೆದು ಕೋಣೆಗೆ ಎಸೆದೆ. ಮನೆಮಂದಿಯೆಲ್ಲ ಮಗಳ ಬೆನ್ನ ಹಿಂದೆ.

ಇಲ್ಲಿ ನಾನು ಎಡವಿದೆ. ಸ್ಕ್ರೂ ಪಕ್ಕ ಬಾಣದ ಗುರುತಿನ ಜೊತೆ ಆರ್, ಎಲ್ ಅಂತ ಕೆತ್ತಿದ್ದಾರೆ. ಗುಂಡು ಬಲಕ್ಕೆ ಹೋಗ್ತಿದೆ, ನಮಗೆ ಎಡಕ್ಕೆ ಬರಬೇಕು, ಹಾಗಾದರೆ ಎಲ್ ಕಡೆ ತಿರುಗಿಸಬೇಕು ತಾನೇ? ಐದು ಟಿಕ್ ತಿರುಗಿಸಿದೆ. ಗುಂಪು ಇನ್ನೂ ಒಂದು ಸೆಂಟಿಮೀಟರ್ ಬಲಕ್ಕೆ ಓಡಿತು! ಮಗಳು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಮತ್ತೆ ಕೋಚ್‌ಗೆ ಫೋನ್. ಜರ್ಮನ್ನರ ಲೆಕ್ಕವೇ ಬೇರೆಯಂತೆ. ಆರ್ ಅಂದರೆ "ಬಲಕ್ಕೆ ಕಳಿಸು" ಅಂತಲ್ಲ, "ಗುಂಡು ಬಲಕ್ಕೆ ಬೀಳ್ತಿದ್ರೆ ಈ ಕಡೆ ತಿರುಗಿಸು" ಅಂತ. ನಾವು ಮದ್ದು ಓದಿದ್ದೆವು, ಅವರು ಕಾಯಿಲೆ ಬರೆದಿದ್ದರು.

ಒಂದು ಲಾಭವಾಯಿತು. ಐದು ಟಿಕ್‌ಗೆ ಒಂದು ಸೆಂಟಿಮೀಟರ್, ಅಂದರೆ ಟಿಕ್‌ಗೆ ಎರಡು ಮಿಲಿಮೀಟರ್. ಈಗ ಬರಬೇಕಾದ್ದು ಮೂರು ಸೆಂಟಿಮೀಟರ್. ಆರ್ ಕಡೆ ಹದಿನೈದು ಟಿಕ್, ಮಗಳು ಬಾಯಲ್ಲಿ ಎಣಿಸಿದಳು. ಹಿಂದಿನ ಸೈಟ್‌ನ ಸೀಳಿನ ಅಂಚು ಹೊಳೆದು ಕಣ್ಣಿಗೆ ಹೊಡೆಯುತ್ತಿದೆ ಅಂದದ್ದಕ್ಕೆ ದೇವರ ದೀಪದ ಮಸಿ ತಂದು ಹಚ್ಚಿದೆ. ಸೈಟ್‌ಗೆ ಮಸಿ ಹಿಡಿಯುವುದು ಶೂಟಿಂಗ್‌ನವರ ಹಳೇ ಅಭ್ಯಾಸವೇ.

ಐದು ಗುಂಡು. ಮೂರು ಹತ್ತು, ಎರಡು ಒಂಬತ್ತು.

ಸೀಸ ಮುಟ್ಟಿದ ಕೈ ಸೋಪ್ ಹಾಕಿ ತೊಳೆದುಕೊಂಡು ಬಂದು ಮಗಳು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಟಿಕ್ ಲೆಕ್ಕ ಬರೆದಿಟ್ಟಳು. ಸ್ಕ್ರೂಡ್ರೈವರ್ ಅವಳ ಪೆಟ್ಟಿಗೆ ಸೇರಿತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಡಬೇಕಾದ ಬ್ಲೌಸ್ ಎರಡು ಬಾಕಿ ಇವೆ. ಸಂಜೆ ಮಷೀನಿನ ತಟ್ಟೆ ಬಿಚ್ಚೋಣ ಅಂತ ಅದನ್ನೇ ಇಸ್ಕೊಂಡು ಬಂದೆ. ಉಜ್ಜಿ ತೆಳ್ಳಗಾದ ತುದಿ ಈಗ ಅಲ್ಲಿ ಜಾರುತ್ತಿದೆ.