ಸಸೂನ್ ಡಾಕ್‌ನ ಅಂಗೈಯಗಲದ ಮಾಂಜಿ

ಬೆಳಗಿನ ಐದು ಗಂಟೆ. ಮುಂಬೈನ ಕೊಲಾಬಾ ಇನ್ನೂ ಮಲಗಿತ್ತು, ಸಸೂನ್ ಡಾಕ್ ಮಾತ್ರ ಎದ್ದು ಎಷ್ಟೋ ಹೊತ್ತಾಗಿತ್ತು. ಗೇಟು ದಾಟಿದರೆ ನೆಲದ ತುಂಬ ನೀರು, ಐಸ್ ಪುಡಿ, ಮೀನಿನ ಹುರುಪೆ. ನನ್ನ ಹೊಸ ಚಪ್ಪಲಿ ಎರಡು ಸಲ ಜಾರಿತು. "ಇದನ್ನ ಹಾಕ್ಕೊಂಡು ಬಾ ಅಂತ ಯಾರು ಹೇಳಿದ್ದು ಮಾರಾಯ?" ಎಂದು ಚಿಕ್ಕಪ್ಪ ನಕ್ಕರು. ಕುಂದಾಪುರದಿಂದ ಬಂದು ಫೋರ್ಟ್‌ನಲ್ಲಿ ನಲವತ್ತು ವರ್ಷ ಕ್ಯಾಂಟೀನ್ ನಡೆಸಿದವರು. ವಾರಕ್ಕೊಮ್ಮೆ ಇಲ್ಲಿಗೆ ಬರದಿದ್ದರೆ ಅವರಿಗೆ ಸಮಾಧಾನವಿಲ್ಲ.

1875ರಲ್ಲಿ ಕಟ್ಟಿದ ಕಟ್ಟೆ ಇದು. ಆಗ ಹತ್ತಿ ವ್ಯಾಪಾರ, ಈಗ ಮೀನು. ನಮ್ಮ ಮಾಂಜಿಗೆ, ಅಂದರೆ ಪಾಂಫ್ರೆಟ್ ಮೀನಿಗೆ, ಇಲ್ಲಿ ಪಾಪ್ಲೆಟ್ ಎನ್ನುತ್ತಾರೆ. 2023ರಲ್ಲಿ ಅದಕ್ಕೆ ಮಹಾರಾಷ್ಟ್ರದ ರಾಜ್ಯ ಮೀನೆಂಬ ಪಟ್ಟವೂ ಸಿಕ್ಕಿದೆ. ಚಿಕ್ಕಪ್ಪ ಒಂದು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮಾಂಜಿಯ ಪಕ್ಕ ಅಂಗೈ ಇಟ್ಟರು. ಅದರ ಬಾಲ ಅವರ ನಡುಬೆರಳಿನ ತುದಿಯನ್ನೂ ಮುಟ್ಟಲಿಲ್ಲ.

"ನಾವು ಬಂದ ಹೊಸತರಲ್ಲಿ ಒಂದೇ ಮಾಂಜಿ ತಟ್ಟೆ ತುಂಬ ಇರ್ತಿತ್ತು. ದೊಡ್ಡದೆಲ್ಲ ತಿಂದು ಮುಗಿಸಿದ್ರು, ಸಣ್ಣದು ಉಳೀತು. ಅಷ್ಟೇ."

ಅಷ್ಟೇ ಇರಲೂಬಹುದು. ದೊಡ್ಡದಾಗುವ ಮೊದಲೇ ಹಿಡಿದರೆ ಬುಟ್ಟಿಗೆ ಬರುವುದು ಎಳೆಯವೇ. ಆದರೆ ನನ್ನ ತಲೆಯಲ್ಲಿದ್ದದ್ದು ಬೇರೆ. ಒಂದೇ ದಿನ ಹುಟ್ಟಿದ ಮೀನುಗಳೂ ಒಂದೇ ಸಮ ಬೆಳೆಯುವುದಿಲ್ಲ. ಶಾಲೆಯ ಡ್ರಿಲ್ ಸಾಲು ನೆನಪಿದೆ ಅಲ್ವಾ? ತೀರಾ ಕುಳ್ಳರು ನಾಲ್ಕು ಜನ, ತೀರಾ ಉದ್ದದವರು ನಾಲ್ಕು ಜನ, ನಡುವಿನವರೇ ಜಾಸ್ತಿ. ಬೇಗ ಬೆಳೆದ ಮೀನು ಬಲೆಗೆ ಬೀಳುತ್ತದೆ. ನಿಧಾನಕ್ಕೆ ಬೆಳೆಯುವುದು ಬಲೆಯ ಕಣ್ಣಿನಿಂದ ನುಸುಳಿ ಹೋಗಿ ಮೊಟ್ಟೆ ಇಡುತ್ತದೆ. ಆ ನಿಧಾನ ಅಪ್ಪ ಅಮ್ಮನಿಂದ ಮರಿಗೆ ಬರುವ ಗುಣವಾಗಿದ್ದರೆ, ಮುಂದಿನ ತಲೆಮಾರಿನ ಸಾಲೇ ಕುಳ್ಳರ ಕಡೆ ಸರಿಯುತ್ತದೆ. ಯಾವ ಮೀನೂ ತಾನಾಗಿ ಕುಗ್ಗಿರುವುದಿಲ್ಲ.

ಕಟಿಂಗ್ ಚಹಾ ಕುಡಿಯುತ್ತ ಚಿಕ್ಕಪ್ಪನಿಗೆ ಅಮೆರಿಕದ ಕಥೆ ಹೇಳಿದೆ. ಡೇವಿಡ್ ಕಾನೋವರ್, ಸ್ಟೀಫನ್ ಮಂಚ್ ಎಂಬಿಬ್ಬರು ವಿಜ್ಞಾನಿಗಳು ಸಿಲ್ವರ್‌ಸೈಡ್ ಎಂಬ ಪುಟ್ಟ ಮೀನನ್ನು ತೊಟ್ಟಿಗಳಲ್ಲಿ ಸಾಕಿದರು. ಕೆಲವು ತೊಟ್ಟಿಗಳಿಂದ ಪ್ರತಿ ತಲೆಮಾರಿನಲ್ಲೂ ದೊಡ್ಡ ಮೀನು ನೂರಕ್ಕೆ 90 ತೆಗೆದರು. ಇನ್ನು ಕೆಲವುದರಿಂದ ಸಣ್ಣವು ನೂರಕ್ಕೆ 90. ನಾಲ್ಕೇ ತಲೆಮಾರು. ಅಷ್ಟರಲ್ಲಿ ಸಣ್ಣದನ್ನು ತೆಗೆದ ತೊಟ್ಟಿಯ ಮೀನು, ದೊಡ್ಡದನ್ನು ತೆಗೆದ ತೊಟ್ಟಿಯ ಅದೇ ವಯಸ್ಸಿನ ಮೀನಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ತೂಗಿತು. 2002ರಲ್ಲಿ ಪ್ರಕಟವಾದ ಕೆಲಸ. ಆಮೇಲೆ ಹಾಗೆ ಆರಿಸುವುದನ್ನು ನಿಲ್ಲಿಸಿ ಐದು ತಲೆಮಾರು ಬಿಟ್ಟರೂ ಕುಳ್ಳ ಮೀನು ಪೂರ್ತಿ ಹಳೆಯ ಗಾತ್ರಕ್ಕೆ ಬರಲಿಲ್ಲ. ತೊಟ್ಟಿಯ ಲೆಕ್ಕವನ್ನು ಹಾಗೇ ಅರಬ್ಬಿ ಸಮುದ್ರಕ್ಕೆ ಹಚ್ಚಲು ಬರುವುದಿಲ್ಲ, ಅದು ಬೇರೆ ಮಾತು.

ಚಿಕ್ಕಪ್ಪ ಗ್ಲಾಸು ಕೆಳಗಿಟ್ಟರು. "ನಮ್ಮ ಕ್ಯಾಂಟೀನಿನ ಇಡ್ಲಿಯೂ ವರ್ಷವರ್ಷ ಸಣ್ಣ ಆಯ್ತು. ಅದಕ್ಕೆ ಯಾವ ಬಲೆ?"

ತಟ್ಟೆ ತುಂಬುವಂಥ ಮಾಂಜಿ ಒಂದು ಬುಟ್ಟಿಯಲ್ಲಿ ಇತ್ತು. ರೇಟು ಕೇಳಿದವರೇ ಚಿಕ್ಕಪ್ಪ ಕೈ ಹಿಂದಕ್ಕೆ ತೆಗೆದರು. ಕೋಲಿ ಹೆಂಗಸಿನ ಜೊತೆ ಹತ್ತು ನಿಮಿಷ ಮರಾಠಿಯಲ್ಲಿ ಚೌಕಾಸಿ ಮಾಡಿ, ಅಂಗೈಯಗಲದವೇ ಆರು ಚೀಲಕ್ಕೆ ಹಾಕಿಸಿಕೊಂಡರು.