ನಕ್ಷತ್ರ ಕಟ್ಟದ ಮನೆಯಲ್ಲಿ ಪ್ರಾರ್ಥನೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆ ಯಾವುದು ಅಂತ ಕೇಳಬೇಕಿಲ್ಲ. ಬಾಗಿಲ ಮುಂದೆ ನಕ್ಷತ್ರ, ಒಳಗೊಂದು ಬಲ್ಬು. ಸಾವಾದ ಮನೆಯಲ್ಲಿ ಮಾತ್ರ ಆ ವರ್ಷ ಕಟ್ಟುವುದಿಲ್ಲ. ಕಟ್ಟಬೇಡಿ ಅಂತ ಫಾದರ್ ಯಾರೂ ಹೇಳಿದ್ದಲ್ಲ, ನಮ್ಮಲ್ಲಿ ನಡೆದು ಬಂದದ್ದು ಅಷ್ಟೆ.

ನಮ್ಮ ಚಿಕ್ಕಪ್ಪ ಜೀನ್ಸ್ ಹೊಲಿಯುವ ಕಡೆ ಕಟಿಂಗ್ ಮಾಸ್ಟರ್ ಆಗಿದ್ದರು. ದಸರಾ ಹೊತ್ತಿಗೆ ತೀರಿಕೊಂಡರು. ನವೆಂಬರ್ 2ರಂದು, ಸತ್ತವರ ನೆನಪಿನ ದಿನ, ಎಲ್ಲರೂ ಸೇರಿ ಸಮಾಧಿಗೆ ಹೂ ಹಾಕಿ ಮೇಣದಬತ್ತಿ ಹಚ್ಚಿದೆವು. ಅವತ್ತು ಅಳೋದಕ್ಕೆ ಜಾಗ ಇರುತ್ತದೆ. ಡಿಸೆಂಬರಿನಲ್ಲಿ ಎಲ್ಲಿಂದ ಬರಬೇಕು? ಎತ್ತ ಹೋದರೂ ಹಾಡು, ಕೇಕು.

ಕ್ರಿಸ್‌ಮಸ್‌ಗೆ ಕಾಯುವ ಆಗಮನ ಕಾಲದ ಮೂರನೇ ಭಾನುವಾರ, ಚರ್ಚಿನಲ್ಲಿ ನೇರಳೆ ಬತ್ತಿಗಳ ನಡುವಿನ ಗುಲಾಬಿ ಬತ್ತಿ ಹಚ್ಚುತ್ತಾರಲ್ಲ, ಅದು ಸಂತೋಷದ ಭಾನುವಾರ. ಅವತ್ತೇ ಸಂಜೆ ಚಿಕ್ಕಮ್ಮನ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡೆವು. ಬೇರೆ ದಿನ ಯಾರಿಗೂ ಬಿಡುವಿರಲಿಲ್ಲ.

ಮಣಿ ಎಣಿಸುತ್ತಾ ಹೇಳುವ ಜಪಸರದ ಪ್ರಾರ್ಥನೆ ಮುಗಿಯಿತು. ಒಬ್ಬೊಬ್ಬರೇ ಬಾಯಿಬಿಟ್ಟು ಪ್ರಾರ್ಥಿಸತೊಡಗಿದರು. ರಾಯಚೂರಿನಿಂದ ಬಂದಿದ್ದ ದೊಡ್ಡಮ್ಮ, "ಎಲ್ಲಾ ನಿನ್ನ ಚಿತ್ತ ಪ್ರಭುವೇ, ನನ್ನ ತಂಗಿಗೆ ಸಮಾಧಾನ ಕೊಡು" ಅಂದರು. ಉಳಿದವರದ್ದೂ ಅದೇ ಮಾತು. ಚಿಕ್ಕಮ್ಮ ತಲೆ ಎತ್ತಿದರು.

"ಸಮಾಧಾನ ಈಗ ಬ್ಯಾಡ ಅಕ್ಕಾ. ರಾತ್ರಿ ನಿದ್ದಿ ಬರಲ್ಲ. ಅದನ್ನ ಕೇಳ್ರಿ."

ದೊಡ್ಡಮ್ಮನಿಗೆ ಇದು ಸರಿ ಬರಲಿಲ್ಲ. ನನಗೇನೋ ಕ್ರಿಸ್‌ಮಸ್ ಕಥೆಯೊಳಗೇ ಇರುವ ಇನ್ನೊಬ್ಬ ಹೆಂಗಸು ನೆನಪಾದಳು. ಹುಟ್ಟಿದ ಯೇಸುವನ್ನು ಮುಗಿಸಲು ರಾಜ ಹೆರೋದ ಬೆತ್ಲೆಹೇಮಿನ ಕೂಸುಗಳನ್ನು ಕೊಲ್ಲಿಸಿದ್ದನ್ನು ಹೇಳುವಾಗ, ಬೈಬಲಿನಲ್ಲಿ ಯೇಸುವಿನ ಕಥೆ ಬರೆದ ಮತ್ತಾಯ, ಪ್ರವಾದಿ ಯೆರೆಮೀಯನ ಮಾತು ತರುತ್ತಾನೆ: ಇಸ್ರಾಯೇಲರ ಮೂಲತಾಯಿ ರಾಹೇಲಳು ಮಕ್ಕಳಿಗಾಗಿ ಅಳುತ್ತಿದ್ದಾಳೆ, ಯಾರು ಸಂತೈಸಿದರೂ ಒಪ್ಪುತ್ತಿಲ್ಲ. ಹಾಗೆ ಒಪ್ಪದಿದ್ದದ್ದಕ್ಕೆ ಅಲ್ಲಿ ಅವಳನ್ನು ಯಾರೂ ಬೈದಿಲ್ಲ. ಆ ಕೂಸುಗಳ ನೆನಪಿಗೆ ಡಿಸೆಂಬರ್ 28ರಂದು ಹಬ್ಬವೇ ಇದೆ. ಮನೆಯಲ್ಲಿ ಕೇಕು ಇನ್ನೂ ಮುಗಿದಿರುವುದಿಲ್ಲ, ಅಲ್ವಾ? ಯೇಸು ಹುಟ್ಟಿದ ಕೊಟ್ಟಿಗೆ ತೋರಿಸುವ ಗೋದಲಿಗೆ ಹುಲ್ಲು, ಕುರಿ, ಸೀರಿಯಲ್ ಲೈಟು ಎಲ್ಲಾ ಜೋಡಿಸುವ ನಾವು ಈ ಭಾಗವನ್ನು ಸುಮ್ನೆ ದಾಟಿಬಿಡುತ್ತೇವೆ.

ಆಮೇಲಿನ ಪ್ರಾರ್ಥನೆಯ ಧಾಟಿಯೇ ಬೇರೆ ಆಯಿತು. ನಿದ್ದೆ ಕೇಳಿದೆವು. ರಾತ್ರಿ ಬೈಕ್ ಹತ್ತಿ ಎಲ್ಲೋ ಹೋಗಿ ತಡವಾಗಿ ಬರುವ ಚಿಕ್ಕಮ್ಮನ ಮಗ, ನನ್ನ ತಮ್ಮ, ಒಂದು ಮಾತಾದರೂ ಆಡಲಿ ಅಂತ ಕೇಳಿದೆವು. ಚಿಕ್ಕಪ್ಪನಿಗೆ ಬರಬೇಕಿದ್ದ ಕೂಲಿ ದುಡ್ಡು ಕೈಸೇರಲಿ ಅಂತಲೂ ಕೇಳಿದೆವು. ಇದನ್ನೆಲ್ಲ ದೇವರ ಮುಂದೆ ಇಡೋದಾ ಅಂತ ದೊಡ್ಡಮ್ಮ ಗೊಣಗಿದರು. ಮತ್ಯಾರ ಮುಂದೆ ಇಡೋದು? "ದೇವರ ಚಿತ್ತ" ಅನ್ನುವ ಮಾತನ್ನು ಸಾವಿನ ಮನೆಯಲ್ಲಿ ಮನೆಯವರೇ ಹೇಳಲಿ, ಹೊರಗಿನವರು ಬಾಯಿ ಮುಚ್ಚಿಕೊಂಡಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮನೆ ಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹೇಳುವ ಕ್ಯಾರಲ್ ಹುಡುಗರು ಇಂಥ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾರೆ. ಈ ಸಲ ಬರಲೋ ಬೇಡವೋ ಅಂತ ಕೇಳಿಸಿದ್ದರು. "ಬರ್ಲಿ, ಡ್ರಮ್ ಮಾತ್ರ ಬ್ಯಾಡ" ಅಂದರು ಚಿಕ್ಕಮ್ಮ. ಬಂದು ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಹಾಡಿ ಹೋದರು. ಚಿಕ್ಕಮ್ಮ ಹೊರಗೆ ಬರಲಿಲ್ಲ. ಅಡುಗೆಮನೆಯಿಂದಲೇ ಕೇಳಿಸಿಕೊಂಡು ಟೀ ಕಳಿಸಿದರು.

ಆ ಕೂಸುಗಳ ಹಬ್ಬದ ದಿನ, 28ರ ಪೂಜೆಯಲ್ಲಿ ಪ್ರಾರ್ಥಿಸಬೇಕಾದವರ ಹೆಸರು ಬರೆಸಲು ಚರ್ಚಿಗೆ ಹೋದೆ. ಚಿಕ್ಕಪ್ಪನ ಹೆಸರು ಬರೆಸಿ, ಕೆಳಗೆ ಚಿಕ್ಕಮ್ಮನದ್ದೂ ಹೇಳಿದೆ. ಬರೆದುಕೊಳ್ಳುತ್ತಿದ್ದ ಹುಡುಗ ಪೆನ್ನು ನಿಲ್ಲಿಸಿದ.

"ಇವರೂ ತೀರಿಕೊಂಡರಾ ಅಕ್ಕಾ?"

"ಇಲ್ಲಪ್ಪ. ಇವರಿಗೆ ನಿದ್ದೆ ಬರಬೇಕು. ಬರೆದುಕೋ" ಅಂದೆ.